ಒಂಬತ್ತನ್ನು ಅಳಿಸಿ ಬರೆದ ಐದು

ಮಗರಪಟ್ಟಾ, ಪುಣೆ
20 ನವೆಂಬರ್ 2025, ಗುರುವಾರ

ಚಿ. ಸೌ. ಮಾಧುರಿಗೆ,

ನಿನ್ನ ಅಪ್ಪ ಸಿದ್ರಾಮಪ್ಪ ಮಾಡುವ ಆಶೀರ್ವಾದಗಳು. ನಾನೂ ನಿಮ್ಮವ್ವನೂ ಇಲ್ಲಿ ಕ್ಷೇಮ. ನೀನು, ಮಾಂತು, ಚಿನ್ನು ಮೂವರೂ ಕ್ಷೇಮವೆಂದು ನಂಬಿದ್ದೇನೆ.

ಮುಂಢವಾ ಸೇತುವೆ ದಾಟಿದರೆ ಖರಾಡಿಯಲ್ಲಿ ನಿನ್ನ ಮನೆ. ಅಷ್ಟು ಹತ್ತಿರದಲ್ಲಿರುವ ಮಗಳಿಗೆ ಮಾವ ಟಪಾಲಿನಲ್ಲಿ ಕಾಗದ ಹಾಕಿದ್ದಾರೆಂದು ಗೊತ್ತಾದರೆ ಮಾಂತು ಬಿದ್ದು ಬಿದ್ದು ನಗುತ್ತಾನೆ. ನಗಲಿ. ಆದರೆ ಕಾಗದವನ್ನು ಮೊದಲು ನೀನೊಬ್ಬಳೇ ಓದು. ಆಮೇಲೆ ಅವನಿಗೆ ತೋರಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಒಂಬತ್ತು ದಿನಗಳಿಂದ ನಿನ್ನ ಫೋನ್ ಎತ್ತಿಲ್ಲ, ಕ್ಷಮಿಸು. ನಿಮ್ಮವ್ವ ನಿನಗೆ "ಅವರಿಗೆ ಕೆಮ್ಮ ಹತ್ತ್ಯದ" ಎಂದು ಹೇಳುತ್ತಾ ಬಂದಿದ್ದಾಳೆ. ನನಗೆ ಯಾವ ಕೆಮ್ಮೂ ಇಲ್ಲ. ನಾನೇ ಹಾಗೆ ಹೇಳು ಎಂದಿದ್ದೆ. ಮೂರು ದಿನ ಹೇಳಿದಳು, ನಾಲ್ಕನೆಯ ದಿನ ಸೊಂಟದ ಮೇಲೆ ಕೈಯಿಟ್ಟು ನಿಂತು, "ಸುಳ್ಳ ಹೇಳಾಕ ನನಗ ಪಗಾರ ಕೊಡ್ತೀರೇನ್ರಿ? ಏನಾಗ್ಯದ ಮೊದಲ ಅದನ್ನ ಹೇಳ್ರಿ" ಎಂದಳು. ಹೇಳಿದೆ. ಅಂದಿನಿಂದ ಮನೆಯಲ್ಲಿ ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ.

ಕಳೆದ ಭಾನುವಾರದ ಹಿಂದಿನ ಭಾನುವಾರ ನಿಮ್ಮಲ್ಲಿಗೆ ಊಟಕ್ಕೆ ಬಂದಿದ್ದೆವಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನೀನು ಎಣ್ಣೆಗಾಯಿ ಬಡಿಸುತ್ತಾ, ವಿಜ್ಞಾನ ಪ್ರತಿಷ್ಠಾನದ ಪ್ರಶಸ್ತಿಗೆ ಅರ್ಜಿ ಹಾಕಿದ್ದೆ, ಬರಲಿಲ್ಲ ಎಂದೆ. ನನಗೆ ಮೊದಲೇ ಏಕೆ ಹೇಳಲಿಲ್ಲ ಎಂದು ನಿಮ್ಮವ್ವ ಕೇಳಿದಳು. "ಬಂದ ಮ್ಯಾಲೆ ಹೇಳಬೇಕಂತ ಮಾಡಿದ್ದೆ" ಎಂದು ನೀನು ನಕ್ಕೆ. ನಗುವಾಗ ನಿನ್ನ ಕೆಳತುಟಿ ಒಂದು ಬದಿಗೆ ಎಳೆಯುತ್ತದೆ, ಸಣ್ಣವಳಿದ್ದಾಗ ಅಳು ತಡೆಯುವಾಗ ಎಳೆಯುತ್ತಿದ್ದಂತೆ. ನಾನು ತಟ್ಟೆ ನೋಡುತ್ತಾ ಕೂತೆ.

ಆಮೇಲೆ ನೀನು ಮೊಬೈಲಿನಲ್ಲಿ ಅವರು ಕಳಿಸಿದ ಪತ್ರವನ್ನು ತೆರೆದು ಓದಿದೆ. "ಅಪ್ಪಾ, ಮೂರು ಮಂದಿ ಪರೀಕ್ಷಕರು. ಇಬ್ಬರು ಭಾಳ ಛಲೋ ಬರದಾರ. ಒಬ್ಬರು ಸ್ವಂತಿಕೆ ಸಾಧಾರಣ ಅಂದಾರ. ಅವರು ಪೂರಾ ಓದೇ ಇಲ್ಲ ಅನಸ್ತದ ನನಗ."

ನಾನು ರೊಟ್ಟಿ ಮುರಿಯುತ್ತಾ, "ಪರೀಕ್ಷಕರೂ ಮನಷ್ಯಾರ ನೋಡವ್ವಾ" ಎಂದೆ. ಚಿನ್ನು ಇದ್ದಳಲ್ಲ, "ಅಜ್ಜಾ, ನೀ ಹೋಗಿ ಅವರಿಗೆ ಬೈದು ಬಾ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಏಳು ವರ್ಷದ ಕೂಸು ನನ್ನನ್ನು ನನಗೇ ಬೈಯಲು ಕಳಿಸುತ್ತಿದೆ ಎಂದು ಆ ಪಂಕ್ತಿಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ.

ಹೌದು ಮಾಧು. ಸಾಧಾರಣ ಎಂದು ಬರೆದವನು ನಾನು.

ಈ ಸಾಲು ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ನೀನೂ ಬೇಕಾದರೆ ಸ್ವಲ್ಪ ಹೊತ್ತು ಕಾಗದ ಕೆಳಗಿಡು. ಆದರೆ ಆಮೇಲೆ ಪೂರ್ತಿ ಓದು. ಅರ್ಧಕ್ಕೆ ಬಿಟ್ಟರೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನಿನಗೆ ಪೂರ್ತಿ ಕಾರಣ ಸಿಗುವುದಿಲ್ಲ.

ಈ ಪ್ರತಿಷ್ಠಾನದವರು ಪರೀಕ್ಷಕರ ಹೆಸರನ್ನು ಗುಟ್ಟಾಗಿಡುತ್ತಾರೆ. ನಿವೃತ್ತನಾದ ಮೇಲೆ ಮೂರು ವರ್ಷಗಳಿಂದ ನಾನು ಅವರಿಗೆ ಕಡತ ನೋಡಿಕೊಡುತ್ತಿದ್ದೇನೆ. ಹೇಳಬಾರದೆಂಬ ಮಾತಿಗೆ ಕಟ್ಟುಬಿದ್ದು ನಿನಗೆ ಹೇಳಲಿಲ್ಲ. ಬಂದ ಮೇಲೆ ಹೇಳೋಣವೆಂದು ನೀನೂ ಹೇಳಲಿಲ್ಲ. ಕಡತಗಳ ಮೇಲೆ ಅರ್ಜಿದಾರರ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಒಳಗೆ ಎರಡು ಪುಟದ ಸಾರಾಂಶ, ಅದರಲ್ಲೂ ಹೆಸರು, ಊರು, ಸಂಸ್ಥೆ ಯಾವುದೂ ಇರುವುದಿಲ್ಲ. ಅರ್ಜಿದಾರರಲ್ಲಿ ತನಗೆ ತಿಳಿದಂತೆ ತನ್ನ ಸಂಬಂಧಿಕರು ಯಾರೂ ಇಲ್ಲ ಎಂಬ ಕಾಗದಕ್ಕೆ ಪರೀಕ್ಷಕ ಮೊದಲೇ ಸಹಿ ಹಾಕಿ ಕೊಟ್ಟಿರಬೇಕು. ಓದುವಾಗ ಗುರುತು ಹತ್ತಿದರೆ ಕಾರ್ಯದರ್ಶಿಗೆ ತಿಳಿಸಿ ಆ ಕಡತ ವಾಪಸು ಕೊಡಬೇಕು. ನಿಯಮ ಇಷ್ಟೇ. ಒಂದು ಫೋನಿನ ಕೆಲಸ.

ಜುಲೈ ತಿಂಗಳಲ್ಲಿ ಹನ್ನೊಂದು ಕಡತಗಳು ಬಂದವು. ಏಳನೆಯದನ್ನು ತೆರೆದೆ. ಮೊದಲ ಪುಟದ ನಾಲ್ಕನೆಯ ಸಾಲನ್ನು ಎರಡು ಸಲ ಓದಿದೆ. "ಈ ಜೋಡಣೆ ಕ್ರಿಯೆ ನೀರಿನಲ್ಲಿ ನಡೆಯುವುದಿಲ್ಲವೆಂದು 1997ರಲ್ಲಿ ವರದಿಯಾಗಿದೆ. ಆ ವರದಿ ಪ್ರಾಮಾಣಿಕವಾದದ್ದು, ಆದರೆ ಪ್ರಯೋಗವನ್ನು ಆರು ಗಂಟೆಗೇ ನಿಲ್ಲಿಸಲಾಗಿತ್ತು." ಆ ವರದಿ ಯಾರದೆಂದು ನಿನಗೂ ಗೊತ್ತು, ನನಗೂ ಗೊತ್ತು. ನಡೆಯುವುದಿಲ್ಲ ಎಂದು ಅಚ್ಚು ಹಾಕಿಸಿದವನು ನಾನು. ಈ ಜಗತ್ತಿನಲ್ಲಿ ಇನ್ನೊಬ್ಬರ ತಪ್ಪು ತೋರಿಸುವಾಗ ಯಾವ ರಸಾಯನಶಾಸ್ತ್ರಜ್ಞನೂ "ಪ್ರಾಮಾಣಿಕ" ಎಂಬ ಶಬ್ದ ಬಳಸುವುದಿಲ್ಲ. ಮಗಳು ಮಾತ್ರ ಬಳಸುತ್ತಾಳೆ.

ನೀನು ಫೆಬ್ರವರಿಯಲ್ಲೇ ಈ ಲೇಖನದ ಕರಡು ತಂದುಕೊಟ್ಟಿದ್ದೆ. "ಪುರಸೊತ್ತಿಲೆ ಓದ್ರಿ ಅಪ್ಪಾ" ಎಂದಿದ್ದೆ. ಓದುತ್ತೇನೆ ಎಂದು ಟೀಪಾಯಿಯ ಮೇಲೆ ಇಟ್ಟೆ. ಅದರ ಮೇಲೆ ಐದು ತಿಂಗಳ ವರ್ತಮಾನಪತ್ರಿಕೆಗಳು ಬಿದ್ದವು. ನಿವೃತ್ತನಿಗೆ ಪುರಸೊತ್ತಿಗೇನು ಬರ! ನಾನು ಓದಿರಲಿಲ್ಲ. ಹಾಗಾಗಿ ನಿನ್ನ ಕೆಲಸವನ್ನು ಮೊದಲ ಸಲ ಪೂರ್ತಿ ಓದಿದ್ದು ಏಳನೆಯ ಸಂಖ್ಯೆಯ ಕಡತದಲ್ಲಿ.

ಎಂಥ ಕೆಲಸ ಮಾಡಿದ್ದೀಯೆ, ಮಾಧು! ನಾವು ಹನ್ನೊಂದು ವರ್ಷ ಚಿನ್ನಕ್ಕಿಂತ ತುಟ್ಟಿಯಾದ ಲೋಹ ಹಾಕಿ, ಮೂಗು ಉರಿಯುವ ದ್ರಾವಕದಲ್ಲಿ ಕುದಿಸಿ ನೂರಕ್ಕೆ ನಲವತ್ತು ತೆಗೆದದ್ದನ್ನು, ನೀನು ನಲ್ಲಿಯ ನೀರನ್ನು ಶುದ್ಧ ಮಾಡಿ, ಚಿಟಿಕೆ ಕಬ್ಬಿಣದ ಲವಣ ಹಾಕಿ, ತೊಂಬತ್ತೊಂದು ತೆಗೆದಿದ್ದೀಯೆ. ಹದಿಮೂರು ಗಂಟೆಯ ತನಕ ಏನೂ ಆಗುವುದಿಲ್ಲ, ಹದಿನಾಲ್ಕನೆಯದರಲ್ಲಿ ಎಲ್ಲ ಒಮ್ಮೆಲೇ ಆಗುತ್ತದೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಇದನ್ನು ನಿನ್ನೆದುರು ಹೇಳಬೇಕಾಗಿತ್ತು, ಮಾರ್ಚಿನಲ್ಲೇ ಹೇಳಬೇಕಾಗಿತ್ತು.

ಫೋನ್ ಎತ್ತಿ ಕೃಷ್ಣಾಜಿಗೆ, ಅಂದರೆ ಪ್ರತಿಷ್ಠಾನದ ಕಾರ್ಯದರ್ಶಿಗೆ, ಈ ಕಡತ ನನ್ನ ಮಗಳದ್ದು ಎನ್ನಬೇಕಾಗಿತ್ತು. ಎತ್ತಲಿಲ್ಲ. ಸ್ವಂತಿಕೆ ಎಂಬ ಮನೆಯಲ್ಲಿ ಪೆನ್ಸಿಲ್ಲಿನಿಂದ ಹತ್ತಕ್ಕೆ ಒಂಬತ್ತು ಎಂದು ಬರೆದೆ. ಸ್ವಲ್ಪ ಹೊತ್ತು ನೋಡಿದೆ. ರಬ್ಬರಿನಿಂದ ತಿಕ್ಕಿ ಅಳಿಸಿದೆ. ಶಾಯಿಯಿಂದ ಐದು ಎಂದು ಬರೆದೆ.

ನಿನಗೆ ನೆನಪಿರಬಹುದು. ನೀನು ಬಿ.ಎಸ್ಸಿ.ಯಲ್ಲಿದ್ದಾಗ ಪ್ರಯೋಗದ ವಹಿಯಲ್ಲಿ ಪೆನ್ಸಿಲ್ ಬಳಸಿದ್ದಕ್ಕೆ ನಾನು ವಹಿಯನ್ನು ಎಸೆದಿದ್ದೆ. ಪ್ರಯೋಗಾಲಯದಲ್ಲಿ ಪೆನ್ಸಿಲ್ಲೂ ಇಲ್ಲ, ರಬ್ಬರೂ ಇಲ್ಲ. ತಪ್ಪಾದರೆ ಒಂದೇ ಗೆರೆ ಹೊಡೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಮೂವತ್ತನಾಲ್ಕು ವರ್ಷ ಹುಡುಗರಿಗೆ ಅದನ್ನೇ ಹೇಳಿ ಹೇಳಿ ಗಂಟಲು ಹರಿದುಕೊಂಡವನು ಅಂದು ರಬ್ಬರು ಹುಡುಕಲು ಚಿನ್ನುವಿನ ಬಣ್ಣದ ಪೆಟ್ಟಿಗೆ ತಡಕಾಡಿದೆ.

ನನಗೆ ನಾನೇ ಹೇಳಿಕೊಂಡ ಕಾರಣ ಹೀಗಿತ್ತು. ನಾಳೆ ಇವಳಿಗೆ ಪ್ರಶಸ್ತಿ ಬಂದು, ಪರೀಕ್ಷಕರಲ್ಲಿ ಅಪ್ಪನೂ ಇದ್ದನೆಂದು ಹೊರಬಿದ್ದರೆ ಜನ ಏನೆಂದಾರು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಗುವುದಿಲ್ಲವೇ? ಹೇಗೂ ಉಳಿದಿಬ್ಬರು ತಿಳಿದವರು, ಅವರು ಕೊಡಬೇಕಾದ್ದನ್ನು ಕೊಡುತ್ತಾರೆ, ನನ್ನ ನಾಲ್ಕು ಅಂಕ ಆಚೀಚೆ ಆದರೆ ಆಕಾಶ ಬೀಳುವುದಿಲ್ಲ. ಇಷ್ಟು ಹೇಳಿಕೊಂಡು ಲಕೋಟೆ ಮುಚ್ಚಿದೆ.

ನಿಮ್ಮ ಮನೆಯ ಆ ಊಟದ ನಂತರವೂ ಹಾಗೇ ನಂಬಿದ್ದೆ. ನಂಬದಿದ್ದರೆ ಎರಡನೇ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ. ಎರಡು ದಿನ ಬಿಟ್ಟು ಮಂಗಳವಾರ ಕೃಷ್ಣಾಜಿಯ ಫೋನ್ ಬಂತು. "ಸರ, ದಫ್ತರಕ್ಕ ನಿಮ್ಮದ ಒಂದ ಸಹಿ ಉಳದದ್ರಿ. ಬರ್ರಿ, ಚಹಾ ಕುಡದ ಹೋಗೂವಂತ್ರಿ." ಕೃಷ್ಣಾಜಿ ಬೆಳಗಾವಿ ಕಡೆಯವರು, ಕಾಗದ ಪತ್ರದಲ್ಲಿ ಬಲು ಕಟ್ಟುನಿಟ್ಟು. ವಿಮಾನ ನಗರದ ಅವರ ಕಚೇರಿಗೆ ಹೋದೆ. ಮೂವರ ಅಂಕ ಕೂಡಿಸಿದ ಹಾಳೆಯನ್ನು ಮುಂದಿಟ್ಟರು. ಪ್ರಶಸ್ತಿ ಬಂದ ಕಡತಕ್ಕೆ ನೂರಾಮೂವತ್ತೊಂದು. ಏಳನೆಯ ಕಡತಕ್ಕೆ ನೂರಾ ಇಪ್ಪತ್ತೊಂಬತ್ತು.

ನಾನು ಮೂರು ಸಲ ಕೂಡಿಸಿ ನೋಡಿದೆ.  ಕೃಷ್ಣಾಜಿ ಚಹಾಕ್ಕೆ ಊದುತ್ತಾ ಹೇಳುತ್ತಲೇ ಇದ್ದರು. "ಎರಡ ಮಾರ್ಕದಾಗ ಹೋತ್ರಿ ಸರ ಈ ಏಳನೇ ನಂಬರ. ಭಾಳ ಕೆಟ್ಟ ಅನಿಸ್ತು ನನಗ. ಉಳದ ಇಬ್ಬರೂ ಹತ್ತಕ್ಕ ಹತ್ತ ಕೊಟ್ಟಾರ. ಅವರೊಳಗ ಹೈದರಾಬಾದನವರು, ಇನ್ನ ಮುಂದ ಪಠ್ಯಪುಸ್ತಕ ತಿದ್ದಬೇಕಾಗ್ತದ ಅಂತ ಬರದಾರ." ಆಮೇಲೆ ನನ್ನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಸರ, ಇದರ ಕೆಳಗ ಒಂಬತ್ತ ಕಾಣ್ತದಲ್ಲ್ರಿ?" ಎಂದರು.

ಅವರಿಗೆ ಏನೂ ಗೊತ್ತಿರಲಿಲ್ಲ. ನೀನು ಮಾಂತುವಿನ ಮನೆತನದ ಹೆಸರಿನಲ್ಲಿ ಅರ್ಜಿ ಹಾಕಿದ್ದೀಯೆ. ಸುಮ್ಮನೆ ಕುತೂಹಲಕ್ಕೆ ಕೇಳಿದರು.  "ಕಣ್ಣು ಸರಿ ಕಾಣೂದಿಲ್ರಿ ಈಗ" ಎಂದೇನೋ ತೊದಲಿ, ಸಹಿ ಹಾಕದೆ, ಚಹಾ ಕುಡಿಯದೆ ಕೆಳಗಿಳಿದೆ. ರಿಕ್ಷಾ ಹತ್ತಿ ಎಲ್ಲಿಗೆಂದು ಹೇಳಿದೆನೋ ನೆನಪಿಲ್ಲ. ಸ್ವಲ್ಪ ಹೊತ್ತಿಗೆ ರಿಕ್ಷಾದವನು ತಿರುಗಿ, "ಕಾಕಾ, ಖರಾಡಿ ಆಲಂ, ಉತರಾ" ಎಂದ, ಬಂತು, ಇಳಿಯಿರಿ ಎಂದು. ನಿನ್ನ ಕಟ್ಟಡದ ಗೇಟಿನ ಮುಂದೆ ನಿಂತಿದ್ದೆವು. ಇಳಿಯುವ ಧೈರ್ಯ ಬರಲಿಲ್ಲ. ಮಗರಪಟ್ಟಾಕ್ಕೆ ನಡಿ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ರಿಕ್ಷಾ ತಿರುಗಿಸಿದ.

ಇದರ ಅರ್ಥ ಏನೆಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಪ್ರಶಸ್ತಿಗೆ ವಯಸ್ಸು ನಲವತ್ತರೊಳಗೆ ಇರಬೇಕು. ಬರುವ ಡಿಸೆಂಬರ್ ಹದಿನಾಲ್ಕಕ್ಕೆ ನಿನಗೆ ನಲವತ್ತು ತುಂಬುತ್ತದೆ. ಇದು ಕೊನೆಯ ಸಲವಾಗಿತ್ತು. ಬಂದಿದ್ದರೆ ಐದು ವರ್ಷ ನಿನ್ನದೇ ಪ್ರಯೋಗಾಲಯ ನಡೆಯುತ್ತಿತ್ತು. ಬರದಿದ್ದರೆ ಮಾರ್ಚಿಗೆ ನಿನ್ನ ಗುತ್ತಿಗೆ ಮುಗಿಯುತ್ತದೆ, ಮಾತ್ರೆ ಕಂಪನಿಯ ತಪಾಸಣೆ ವಿಭಾಗಕ್ಕೆ ಸೇರಿಬಿಡುತ್ತೇನೆಂದು ನೀನೇ ಕೈ ತೊಳೆಯುತ್ತಾ ಹೇಳಿದೆ. ಇನ್ನೊಬ್ಬರ ಮಾತ್ರೆ ಸರಿಯಿದೆಯೋ ಇಲ್ಲವೋ ನೋಡುತ್ತಾ ಕೂರುವುದು ಕೆಟ್ಟ ಕೆಲಸವೆಂದಲ್ಲ. ಆದರೆ ಹದಿನಾಲ್ಕು ಗಂಟೆ ಕಾಯಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಎಲ್ಲವನ್ನೂ ಒಪ್ಪಿಕೊಂಡು ಪ್ರತಿಷ್ಠಾನಕ್ಕೆ ಒಂದು ಹೇಳಿಕೆ ಬರೆದು ಸಹಿ ಹಾಕಿದ್ದೇನೆ. ಇದರ ಜೊತೆಗೇ ಇಡುತ್ತಿದ್ದೇನೆ. ಹೊರಗೆ ಬಂದರೆ ನಿನ್ನ ಹೆಸರೂ ಜನರ ಬಾಯಿಗೆ ಬೀಳುತ್ತದೆ. ಆದ್ದರಿಂದ ಕೊಡುವುದೋ ಹರಿಯುವುದೋ ನೀನೇ ತೀರ್ಮಾನಿಸು.

21 ನವೆಂಬರ್, ಶುಕ್ರವಾರ, ಸಂಜೆ

ಮೇಲಿನ ಕೊನೆಯ ಪ್ಯಾರಾದ ಮೇಲೆ ಗೆರೆ ಹೊಡೆದಿದ್ದೇನೆ ಎಂದು ತಿಳಿ. ನಿನ್ನೆ ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳಿದೆ. ಅಲ್ಲಿಯ ತನಕ ಸುಮ್ಮನೆ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಅಲ್ಲಿಗೆ ಬಂದಾಗ ಚಾಕು ಕೆಳಗಿಟ್ಟಳು.

"ತಪ್ಪ ಮಾಡಿದವರು ನೀವು. ಅದನ್ನ ಲಕೋಟಿಯೊಳಗ ಹಾಕಿ ಆಕಿ ಕೊರಳಿಗೆ ಕಟ್ತೀರೇನ್ರಿ? ಹರದ್ರ ಆಕಿ ಸುಳ್ಳಿಗೆ ಸೇರಿದಂಗ. ಕೊಟ್ರ ಹಡದಪ್ಪನ್ನ ಆಕೀನ ಹಿಡದ ಕೊಟ್ಟಂಗ. ಯಾವ ಮಗಳಿಗರ ಹಿಂತಾ ಕೆಲಸ ಹೇಳತಾರೇನ್ರಿ?"

"ಆಕಿ ಹೆಸರ ಕೆಡತದಲ್ಲ ಕಾಶವ್ವಾ" ಎಂದೆ.

"ಆಕಿ ಹೆಸರ ಕೆಡಸಾಕ ಆಕಿ ಏನ ಮಾಡ್ಯಾಳ? ನಾಳಿ ಮುಂಜಾನೆ ಎದ್ದು ನೀವ ಹೋಗ್ರಿ. ಅಂಗಿ ಇಸ್ತ್ರಿ ಮಾಡಿ ಇಡತೀನಿ."

ಇಸ್ತ್ರಿ ಮಾಡಿಟ್ಟಿದ್ದಳು. ಹೋದೆ. ಕೃಷ್ಣಾಜಿ ಹೇಳಿಕೆಯನ್ನು ಓದುತ್ತಾ ಓದುತ್ತಾ ಕುರ್ಚಿಯಿಂದ ಎದ್ದು ನಿಂತರು. "ಮಾಧುರಿ ಮೇಡಂ ನಿಮ್ಮ ಮಗಳೇನ್ರಿ!" ಎಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಸರ, ಇಪ್ಪತ್ತ ವರ್ಷದಾಗ ತಮ್ಮ ಮಂದಿಗೆ ಜಾಸ್ತಿ ಹಾಕಿದವರನ್ನ ಕಂಡೀನ್ರಿ. ಕಡಿಮಿ ಹಾಕಿದವರನ್ನ ಇವತ್ತ ನೋಡಿದೆ" ಎಂದರು. ಆಮೇಲೆ ನಾನು ಬೇಡ ಬೇಡ ಎನ್ನುತ್ತಿದ್ದಂತೆ ಬಗ್ಗಿ ನನ್ನ ಕಾಲು ಮುಟ್ಟಿ, "ನಿಮ್ಮಂಥ ನಿಷ್ಠುರ ಮಂದಿ ಈಗೆಲ್ಲಿ ಸಿಗ್ತಾರ್ರಿ ಸರ?" ಎಂದುಬಿಟ್ಟರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆದದ್ದು ಇಷ್ಟು. ನನ್ನ ಅಂಕಗಳೆಲ್ಲ ರದ್ದು. ಪ್ರಶಸ್ತಿಯನ್ನು ಸದ್ಯಕ್ಕೆ ತಡೆಹಿಡಿಯುತ್ತಾರೆ. ಹೊರಗಿನ ಒಬ್ಬರಿಂದ ಎರಡೂ ಕಡತಗಳನ್ನು ಹೊಸದಾಗಿ ಓದಿಸುತ್ತಾರೆ. ಅರ್ಜಿ ಹಾಕಿದ ದಿನದ ವಯಸ್ಸೇ ಲೆಕ್ಕಕ್ಕೆ. ನಿನಗೇ ಬರುತ್ತದೆಂದು ನಾನು ಹೇಳಲಾರೆ. ಪ್ರಶಸ್ತಿ ಬಂತೆಂದು ಮನೆಯಲ್ಲಿ ಪೇಢೆ ಹಂಚಿದ ಇನ್ನೊಬ್ಬ ಹುಡುಗ ಯಾರೋ ಇದ್ದಾನೆ, ಅವನ ಹೊಟ್ಟೆಯ ಮೇಲೂ ನಾನೇ ಕಲ್ಲು ಹಾಕಿದಂತಾಯಿತು. ಅಪ್ಪ ಮಗಳ ಆಟವೆಂದು ಕೆಲವರು ಆಡಿಕೊಳ್ಳುತ್ತಾರೆ. ನೀನು ತಲೆ ತಗ್ಗಿಸಬೇಡ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ ನನ್ನ ಮನೆಗೆ ಕಳಿಸು. ಪರೀಕ್ಷಕನ ಕೆಲಸಕ್ಕೂ ರಾಜೀನಾಮೆ ಕೊಟ್ಟು ಬಂದಿದ್ದೇನೆ. ಹೇಳಿಕೆಯ ನಕಲು ಇದರೊಂದಿಗೆ ಇದೆ.

ಕಂಪನಿಯವರಿಗೆ ಈಗಲೇ ಹೂಂ ಅನ್ನಬೇಡ. ಡಿಸೆಂಬರ್ ಕೊನೆಯ ತನಕ ತಡೆ. ಈ ಭಾನುವಾರ ನಾವು ಬರುವುದಿಲ್ಲ. ನಿನಗೆ ಬರಬೇಕೆನಿಸಿದ ದಿನ ಬಾ, ಅದು ಎಷ್ಟು ತಿಂಗಳ ಮೇಲಾದರೂ ಸರಿ. ಚಿನ್ನುವನ್ನು ಮಾತ್ರ ಮಾಂತುವಿನ ಜೊತೆ ನಡುನಡುವೆ ಕಳಿಸು, ನಿಮ್ಮವ್ವ ಅವಳಿಗೆಂದು ಶೇಂಗಾ ಉಂಡೆ ಮಾಡಿಟ್ಟಿದ್ದಾಳೆ.

ದೇವರು ನಿನಗೆ ನಿನ್ನ ಕೆಲಸಕ್ಕೆ ತಕ್ಕ ಫಲವನ್ನೂ, ಕೆಲಸ ಮಾಡುವ ಜಾಗವನ್ನೂ ಕೊಡಲಿ. ಮಾಂತುವಿಗೆ ಆಶೀರ್ವಾದ, ಚಿನ್ನುವಿಗೆ ಮುದ್ದು.

ನಿನ್ನ ಅಪ್ಪ,
ಸಿದ್ರಾಮಪ್ಪ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೇಲಿನ ಆರು ಪುಟಗಳೂ ದಂಡ. ಜನರ ಬಾಯಿಗೆ ಹೆದರಿ ಅಂಕ ಕಡಿಮೆ ಮಾಡಿದೆನೆಂದು ನಿನಗೆ ಬರೆದೆ, ಹೇಳಿಕೆಯಲ್ಲಿ ಬರೆದೆ, ನಿಮ್ಮವ್ವನಿಗೂ ಹೇಳಿದೆ. ಅದು ನಿಜವಲ್ಲ. ಗುಟ್ಟಿನ ಪರೀಕ್ಷಕನಿಗೆ, ಹೆಸರಿಲ್ಲದ ಕಡತಕ್ಕೆ, ಜನರ ಹೆದರಿಕೆ ಎಲ್ಲಿಯದು? ಇದೇ ಪ್ರಶಸ್ತಿಗೆ ನಲವತ್ತಾಗುವ ಮೊದಲು ನನ್ನ ಹೆಸರೂ ಮೂರು ಸಲ ಹೋಗಿತ್ತು. ಮೂರು ಸಲವೂ ಬರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿನ್ನ ಎರಡು ಪುಟ ಓದಿ ಮುಗಿಸಿದಾಗ, ನನಗೆ ಸಿಗದ್ದು ಇವಳಿಗೆ ಸಿಗುತ್ತದಲ್ಲ ಎಂದು ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಯಿತು. ಹೆತ್ತ ಮಗಳ ಮೇಲೆ ಹೀಗೂ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಜುಲೈನಲ್ಲಿ ಆ ಲಕೋಟೆಯನ್ನು ಕೊರಿಯರಿನವನ ಕೈಗೆ ಕೊಟ್ಟು ಬಂದು ಊಟಕ್ಕೆ ಕೂತಾಗ ಅನ್ನಕ್ಕೆ ಎರಡನೆಯ ಸಲ ಸಾರು ಹಾಕಿಸಿಕೊಂಡೆ, ಏನೋ ಹಾಡು ಗುನುಗಿದೆ. ನಿಮ್ಮವ್ವ ನನ್ನ ಮುಖ ನೋಡಿ, "ಏನ್ರೀ, ಇವತ್ತ ಭಾಳ ಖುಷಿಲೆ ಇದ್ದೀರಿ?" ಎಂದು ಕೇಳಿದಳು. ಏನಿಲ್ಲ ಎಂದೆ. ಇತ್ತು, ಮಾಧು. ಆ ಮಧ್ಯಾಹ್ನ ನಾನು ಖುಷಿಯಾಗಿದ್ದೆ.